ಮಗು ಬರೆದದ್ದನ್ನು ಓದುವ ವಿದ್ಯೆ

1855ರ ಫೆಬ್ರವರಿ 15ರ 'ಜ್ಞಾನೋದಯ' ಪತ್ರಿಕೆಯಲ್ಲಿ ಶಾಲಾ ಹುಡುಗಿಯೊಬ್ಬಳ ಪ್ರಬಂಧ ಅಚ್ಚಾಯಿತು. ಅದರ ಮುಂದಿನ ಭಾಗ ಮಾರ್ಚ್ 1ರ ಸಂಚಿಕೆಯಲ್ಲಿ ಬಂತು. ಬರೆದವಳು ಮುಕ್ತಾ ಸಾಳ್ವೆ. ಪುಣೆಯಲ್ಲಿ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ನಡೆಸುತ್ತಿದ್ದ ಶಾಲೆಯ ವಿದ್ಯಾರ್ಥಿನಿ, ಮಾಂಗ ಸಮುದಾಯದವಳು, ವಯಸ್ಸು ಹದಿನಾಲ್ಕರ ಆಸುಪಾಸು. ಮಾಂಗ, ಮಹಾರರ ದುಃಖವನ್ನು ಕುರಿತ ಪ್ರಬಂಧ ಅದು. ವೇದ ಬ್ರಾಹ್ಮಣರಿಗಷ್ಟೇ ಸೇರಿದ್ದು ಎಂದಾದರೆ ನಮಗೆ ಗ್ರಂಥವೇ ಇಲ್ಲವಾಯಿತು, ಗ್ರಂಥವಿಲ್ಲದವರ ಧರ್ಮ ಯಾವುದು ಎಂದು ಅವಳು ದೇವರನ್ನೇ ಕೇಳಿದ್ದಳು. ಪೇಶ್ವೆಯರ ಕಾಲದಲ್ಲಿ ತಾಲೀಮುಖಾನೆಯ ಮುಂದೆ ಹಾದುಹೋದದ್ದಕ್ಕೇ ತಲೆ ಕಳೆದುಕೊಂಡವರನ್ನೂ ವಾಡೆಗಳ ಅಡಿಪಾಯದಲ್ಲಿ ಜೀವಂತ ಹೂತುಹೋದವರನ್ನೂ ನೆನೆದಿದ್ದಳು. ಹೆರಿಗೆಯ ಹೊತ್ತಿನಲ್ಲೂ ತಲೆಯ ಮೇಲೆ ಸೂರಿಲ್ಲದೆ ಮಳೆ ಚಳಿಯಲ್ಲಿ ನರಳುವ ತನ್ನ ಕೇರಿಯ ಹೆಂಗಸರ ಪಾಡನ್ನು ಬಿಡಿಸಿ ಹೇಳಿದ್ದಳು. ಕೊನೆಯಲ್ಲಿ ತನ್ನವರ ಕಡೆಗೆ ತಿರುಗಿ, ನಿಮ್ಮ ಬೇನೆಗೆ ಜ್ಞಾನವೇ ಮದ್ದು, ಅದನ್ನು ತೆಗೆದುಕೊಳ್ಳಿ ಎಂದು ಕರೆಕೊಟ್ಟಿದ್ದಳು.

ಮೂರು ವರ್ಷ ಶಾಲೆ ಕಲಿತ ಹುಡುಗಿಯ ಬರಹ ಇದು. ಹೀಗೆ ಬರೆಯುವ ಎದೆಗಾರಿಕೆ ಅವಳದೇ. ಆದರೆ ಬರಹ ತರಗತಿಯ ಹೊಸ್ತಿಲು ದಾಟಿ ಅಚ್ಚುಮನೆ ತಲುಪಿತೆಂದರೆ, ನಡುವೆ ಅದನ್ನು ಓದಿದ ಹಿರಿಯರೂ ಇದ್ದರು ಎಂದಾಯಿತು. ಅವರು ಅದನ್ನು ಶುದ್ಧಬರಹದ ಅಭ್ಯಾಸವೆಂದು ಅಂಕ ಹಾಕಿ ಪಕ್ಕಕ್ಕಿಡಲಿಲ್ಲ. ಹುಡುಗಿ ಏನು ಹೇಳುತ್ತಿದ್ದಾಳೆ ಎಂದು ಕೇಳಿಸಿಕೊಂಡರು.

ಇವತ್ತಿನ ಪುಣೆ ಶಿಕ್ಷಕರನ್ನು ರೂಪಿಸುವ ಊರು. ಮಹಾರಾಷ್ಟ್ರದ ರಾಜ್ಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಇಲ್ಲಿದೆ, ಎಸ್ಸೆಸ್ಸಿ ಮಂಡಳಿಯ ಕೇಂದ್ರ ಕಚೇರಿ ಇಲ್ಲಿದೆ. ಸೇನಾಪತಿ ಬಾಪಟ್ ರಸ್ತೆಯಲ್ಲಿ 1967ರಿಂದ ಇಡೀ ರಾಜ್ಯದ ಪಠ್ಯಪುಸ್ತಕ ಸಿದ್ಧಪಡಿಸುತ್ತ ಬಂದಿರುವ 'ಬಾಲಭಾರತಿ' ಇದೆ. ಇಲ್ಲಿನ ವಿಶ್ವವಿದ್ಯಾಲಯಕ್ಕೆ 2014ರಿಂದ ಸಾವಿತ್ರಿಬಾಯಿ ಫುಲೆಯವರ ಹೆಸರಿದೆ. ನಗರದ ಬಿ.ಇಡಿ., ಡಿ.ಎಲ್.ಎಡ್. ಕಾಲೇಜುಗಳಲ್ಲಿ ಓದುವ ಪ್ರಶಿಕ್ಷಣಾರ್ಥಿಗಳು 'ಪಾಠ ಟಾಚಣ' (ಪಾಠ ಯೋಜನೆ) ಬರೆಯುತ್ತಾರೆ, 'ಸರಾವ ಪಾಠ' (ಅಭ್ಯಾಸ ಪಾಠ) ಹೇಳುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂತ ಪ್ರಾಧ್ಯಾಪಕರು ಅವರ ಧ್ವನಿ, ಕಪ್ಪುಹಲಗೆಯ ಬಳಕೆ, ಪ್ರಶ್ನೆ ಕೇಳುವ ಬಗೆ ಎಲ್ಲವನ್ನೂ ಗಮನಿಸಿ ಗುರುತು ಹಾಕಿಕೊಳ್ಳುತ್ತಾರೆ. ಪಾಠ ಮುಗಿದ ಮೇಲೆ ಮಕ್ಕಳ ನೋಟ್‌ಬುಕ್ಕುಗಳ ರಾಶಿ ಮೇಜಿಗೆ ಬರುತ್ತದೆ. ಅದನ್ನು ಹೇಗೆ ಓದಬೇಕು, ಕೆಳಗೆ ಏನು ಬರೆಯಬೇಕು? ನೌಕರಿಗೆ ಸೇರಿದ ದಿನದಿಂದ ನಿವೃತ್ತಿಯವರೆಗೆ ವಾರವಾರವೂ ಮಾಡಬೇಕಾದ ಈ ಕೆಲಸಕ್ಕೆ ತರಬೇತಿಯಲ್ಲಿ ಸಿಗುವ ಜಾಗ ತೀರ ಕಡಿಮೆ.

ಮಗುವಿನ ಬರಹಕ್ಕೆ ಶಿಕ್ಷಕ ಮೊದಲು ಓದುಗನಾಗಬೇಕು, ತಿದ್ದುವವನಾಗುವುದು ಆಮೇಲೆ. ಹೇಳಲು ಸುಲಭವಾದ ಈ ಮಾತು ಮಾಡಲು ಕಷ್ಟ. ಅದನ್ನು ಕಲಿಯಬೇಕಾಗುತ್ತದೆ, ಕಲಿಸಬೇಕಾಗುತ್ತದೆ.

ಕೆಂಪು ಶಾಯಿಯ ಹಳೆಯ ಊರು

ಸಾವಿತ್ರಿಬಾಯಿ 1831ರ ಜನವರಿ 3ರಂದು ಸಾತಾರಾ ಸೀಮೆಯ ನಾಯಗಾಂವದಲ್ಲಿ ಹುಟ್ಟಿದರು. ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ಗಂಡನ ಕೈಯಲ್ಲಿ. ಅಷ್ಟರಿಂದಲೇ ಅವರು ಶಿಕ್ಷಕಿಯಾಗಲಿಲ್ಲ. ಅಹ್ಮದ್‌ನಗರದಲ್ಲಿ ಅಮೆರಿಕನ್ ಮಿಷನರಿ ಸಿಂಥಿಯಾ ಫರಾರ್ ನಡೆಸುತ್ತಿದ್ದ ಸಂಸ್ಥೆಯಲ್ಲೂ ಪುಣೆಯ ನಾರ್ಮಲ್ ಸ್ಕೂಲಿನಲ್ಲೂ ತರಬೇತಿ ಪಡೆದರು. 1848ರಲ್ಲಿ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯಿತು. ಕಲಿಸುವುದಕ್ಕೂ ಒಂದು ವಿದ್ಯೆ ಬೇಕು ಎಂಬ ಅರಿವು ಆ ದಂಪತಿಯಲ್ಲಿ ಆಗಲೇ ಇತ್ತು.

ಅದೇ ಕಾಲದ ಪುಣೆಯಲ್ಲಿ ಇನ್ನೊಂದು ಬಗೆಯ ಓದೂ ಬಲವಾಗಿತ್ತು. ಮೇಜರ್ ಥಾಮಸ್ ಕ್ಯಾಂಡಿ ಎಂಬ ಇಂಗ್ಲಿಷ್ ಅಧಿಕಾರಿ ಮೋಲ್ಸ್‌ವರ್ತ್ ಅವರ ಮರಾಠಿ ನಿಘಂಟಿಗೆ ದುಡಿದವರು. ಪುಣೆಯ ಸಂಸ್ಕೃತ ಕಾಲೇಜಿನ ಹೊಣೆ ಹೊತ್ತಿದ್ದರು. ಸರ್ಕಾರ ಹೊರತರುವ ಮರಾಠಿ ಪುಸ್ತಕಗಳ ಭಾಷೆಯನ್ನು ತಿದ್ದುವ ಅಧಿಕಾರ ದಶಕಗಳ ಕಾಲ ಅವರ ಕೈಯಲ್ಲಿತ್ತು. ಅಲ್ಪವಿರಾಮ, ಪೂರ್ಣವಿರಾಮಗಳ ಬಳಕೆಯನ್ನು ಮರಾಠಿಗೆ ವಿವರಿಸುವ ಪುಸ್ತಿಕೆಯನ್ನೂ 1850ರಲ್ಲಿ ಪ್ರಕಟಿಸಿದರು. 1852ರ ನವೆಂಬರ್‌ನಲ್ಲಿ ವಿಶ್ರಾಮಬಾಗ ವಾಡೆಯ ಸಮಾರಂಭದಲ್ಲಿ ಸರ್ಕಾರದ ಪರವಾಗಿ ಜ್ಯೋತಿಬಾಗೆ ಶಾಲು ಹೊದಿಸಿದವರೂ ಅವರೇ. ಕ್ಯಾಂಡಿಯವರ ಶಿಸ್ತಿನಿಂದ ಮರಾಠಿ ಗದ್ಯಕ್ಕೆ ಲಾಭವಾಯಿತು. ಆದರೆ ಮರಾಠಿ ಹೇಗಿರಬೇಕು ಎಂಬುದನ್ನು ಪರಭಾಷಿಕರೊಬ್ಬರ ಲೇಖನಿ ತೀರ್ಮಾನಿಸುವುದನ್ನು ವಿಷ್ಣುಶಾಸ್ತ್ರಿ ಚಿಪಳೂಣಕರ್ 1874ರಲ್ಲಿ ಆರಂಭಿಸಿದ ತಮ್ಮ 'ನಿಬಂಧಮಾಲಾ'ದಲ್ಲಿ ಕಟುವಾಗಿ ಪ್ರಶ್ನಿಸಿದರು. ವಿಷ್ಣುಶಾಸ್ತ್ರಿಗಳು ಅದಕ್ಕೂ ಮೊದಲು ಶಿಕ್ಷಕರಿಗಾಗಿಯೇ ಬರುತ್ತಿದ್ದ 'ಶಾಲಾಪತ್ರಕ'ದ ಸಂಪಾದಕರಾಗಿದ್ದವರು. ಶಿಕ್ಷಕರಿಗೆಂದೇ ಪತ್ರಿಕೆ ತರುವ ಪ್ರಯತ್ನ ಮುಂಬಯಿ ಪ್ರಾಂತದ ಕನ್ನಡ ಭಾಗದಲ್ಲೂ ನಡೆದಿತ್ತು. ಕನ್ನಡ ಶಾಲೆಗಳ ಮಾಸ್ತರರಿಗೆಂದು 1865ರಲ್ಲಿ ಬೆಳಗಾವಿಯಿಂದ 'ಮಠಪತ್ರಿಕೆ' ಹೊರಟಿತು.

ತಿದ್ದುವ ಶಿಸ್ತು ಒಂದು ಕಡೆ, ಕೇಳಿಸಿಕೊಳ್ಳುವ ಮನಸ್ಸು ಇನ್ನೊಂದು ಕಡೆ. ಒಳ್ಳೆಯ ಶಿಕ್ಷಕರಿಗೆ ಎರಡೂ ಬೇಕು. ಯಾವುದು ಮೊದಲು ಎಂಬುದರಲ್ಲಿ ಜ್ಯೋತಿಬಾಗೆ ಗೊಂದಲವಿರಲಿಲ್ಲ. 1882ರಲ್ಲಿ ಶಿಕ್ಷಣ ಕುರಿತ ಹಂಟರ್ ಆಯೋಗಕ್ಕೆ ಸಲ್ಲಿಸಿದ ಮನವಿಯಲ್ಲಿ ಅವರು ಪ್ರಾಥಮಿಕ ಶಾಲೆಯ ಶಿಕ್ಷಕರು ತರಬೇತಿ ಪಡೆದವರಾಗಿರಬೇಕು, ಅವರಿಗೆ ಸರಿಯಾದ ಸಂಬಳ ಸಿಗಬೇಕು ಎಂದು ಕೇಳಿದರು. ಆದಷ್ಟು ಮಟ್ಟಿಗೆ ಅವರು ಒಕ್ಕಲು ಮಕ್ಕಳೇ ಆಗಿರಲಿ, ಜನರೊಂದಿಗೆ ಬೆರೆತು ಅವರ ಬೇಕುಬೇಡಗಳನ್ನು ಅರಿಯುವವರಾಗಿರಲಿ, ಅಗತ್ಯ ಬಿದ್ದರೆ ನೇಗಿಲು ಹಿಡಿಯಲು ನಾಚದವರಾಗಿರಲಿ ಎಂದರು. ಮಗುವಿನ ಲೋಕ ಗೊತ್ತಿಲ್ಲದವರಿಗೆ ಮಗುವಿನ ಮಾತು ಅರ್ಥವಾಗುವುದಿಲ್ಲ. ಬರಹವೂ ಅಷ್ಟೇ.

ಎಲ್ಲರಿಗೂ ಒಂದೇ ಷರಾ

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಮು ಮಗುವಿನ ತಿಳಿವಳಿಕೆಯನ್ನು ನಿರಂತರವಾಗಿ, ಸಮಗ್ರವಾಗಿ ಅಳೆಯಬೇಕೆಂದು ಹೇಳುತ್ತದೆ. ಅದರ ಬೆನ್ನಿಗೇ ಮಹಾರಾಷ್ಟ್ರ 2010ರಲ್ಲಿ 'ಸಾತತ್ಯಪೂರ್ಣ ಸರ್ವಂಕಷ ಮೂಲ್ಯಮಾಪನ'ವನ್ನು ಜಾರಿಗೆ ತಂದಿತು. ಶ್ರೇಣಿ ಕೊಟ್ಟರೆ ಸಾಲದು, ಪ್ರತಿ ಮಗುವಿನ ಬಗ್ಗೆ ಶಿಕ್ಷಕರು 'ವರ್ಣನಾತ್ಮಕ ನೋಂದಿ' (ವಿವರಣೆಯ ಟಿಪ್ಪಣಿ) ಬರೆಯಬೇಕು ಎಂಬುದು ಅದರ ತಿರುಳು. ಕಲ್ಪನೆ ಒಳ್ಳೆಯದೇ. ಈ ಮಗು ಕಳೆದ ತಿಂಗಳು ಎಲ್ಲಿತ್ತು, ಈಗ ಎಲ್ಲಿಗೆ ಬಂದಿದೆ ಎಂಬುದನ್ನು ಕಣ್ಣಿಟ್ಟು ನೋಡಿದವರು ಮಾತ್ರ ಅಂಥ ಸಾಲು ಬರೆಯಬಲ್ಲರು.

ಆಚರಣೆಯಲ್ಲಿ ಆದದ್ದು ಬೇರೆ. ವಿಷಯವಾರು, ಶ್ರೇಣಿವಾರು ಸಿದ್ಧ ನೋಂದಿಗಳ ಪಟ್ಟಿಗಳು ಕೈಪಿಡಿಗಳಾಗಿ, ಪಿಡಿಎಫ್‌ಗಳಾಗಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡತೊಡಗಿದವು. 'ಅಕ್ಷರ ಸುಂದರವಾಗಿದೆ', 'ಸ್ವಂತ ಮಾತಿನಲ್ಲಿ ಬರೆಯುತ್ತಾನೆ', 'ಓದಿನಲ್ಲಿ ಆಸಕ್ತಿ ಇದೆ' ಎಂಬಂಥ ಸಾಲುಗಳನ್ನು ಅಲ್ಲಿಂದ ಎತ್ತಿ ಇಲ್ಲಿ ಇಟ್ಟರೆ ಕೆಲಸ ಮುಗಿಯಿತು. ಶಿಕ್ಷಕರನ್ನು ದೂರಿ ಪ್ರಯೋಜನವಿಲ್ಲ. ತರಗತಿ ತುಂಬ ಮಕ್ಕಳು, ಕಾಡುವ ದಾಖಲೆ ಕೆಲಸ, ಜೊತೆಗೆ ಇಂಥ ಸಾಲು ಬರೆಯುವುದು ಹೇಗೆಂದು ಎಂದೂ ಹೇಳಿಕೊಡದ ತರಬೇತಿ. ಸಿದ್ಧ ಪಟ್ಟಿಗೆ ಕೈಹೋಗುವುದು ಸಹಜ.

ಅಮೆರಿಕದಲ್ಲೂ ಇದೇ ಕಥೆ. ನ್ಯಾನ್ಸಿ ಸೋಮರ್ಸ್ ಮತ್ತು ಸಂಗಡಿಗರು ನ್ಯೂಯಾರ್ಕ್ ವಿಶ್ವವಿದ್ಯಾಲಯ ಹಾಗೂ ಓಕ್ಲಹೋಮ ವಿಶ್ವವಿದ್ಯಾಲಯದ 35 ಅಧ್ಯಾಪಕರು ವಿದ್ಯಾರ್ಥಿಗಳ ಬರಹಕ್ಕೆ ಹಾಕಿದ ಟಿಪ್ಪಣಿಗಳನ್ನು ಪರಿಶೀಲಿಸಿದರು. 1982ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎರಡು ದೋಷಗಳು ಎದ್ದುಕಂಡವು. ಟಿಪ್ಪಣಿಗಳನ್ನು ಒಂದು ಪ್ರಬಂಧದಿಂದ ಕಿತ್ತು ಇನ್ನೊಂದಕ್ಕೆ ಅಂಟಿಸಿದರೂ ವ್ಯತ್ಯಾಸ ಕಾಣುತ್ತಿರಲಿಲ್ಲ. 'ಇನ್ನಷ್ಟು ವಿವರಿಸಿ', 'ಸ್ಪಷ್ಟವಾಗಿಲ್ಲ' ಎಂಬ ಮಾತು ಯಾವ ಬರಹಕ್ಕೆ ತಾನೇ ಹೊಂದುವುದಿಲ್ಲ? ಎರಡನೆಯದು ಇನ್ನೂ ಗಂಭೀರ. ಒಂದೇ ಪ್ಯಾರಾದಲ್ಲಿ ಕಾಗುಣಿತ, ಅಲ್ಪವಿರಾಮಗಳನ್ನು ತಿದ್ದಿ, ಅದೇ ಪ್ಯಾರಾವನ್ನು ಪೂರ್ತಿ ಬೆಳೆಸಿ ಬರೆಯಲು ಹೇಳಿದ್ದರು. ಬದಲಾಗಲಿರುವ ವಾಕ್ಯದ ಚಿಹ್ನೆ ಸರಿಪಡಿಸಿ ಏನು ಫಲ? ಗೊಂದಲಗೊಂಡ ವಿದ್ಯಾರ್ಥಿ ಸುಲಭದ್ದನ್ನು ಆರಿಸಿಕೊಳ್ಳುತ್ತಾನೆ. ಅಲ್ಪವಿರಾಮ ಸರಿಹೋಗುತ್ತದೆ, ಆಲೋಚನೆ ಇದ್ದಲ್ಲೇ ಇರುತ್ತದೆ.

ಟಿಪ್ಪಣಿಯ ಜೊತೆ ಅಂಕವೂ ಬೇಕೇ ಎಂಬ ಪ್ರಶ್ನೆಗೆ ಇಸ್ರೇಲ್‌ನ ರೂತ್ ಬಟ್ಲರ್ 1988ರಲ್ಲಿ ಒಂದು ಉತ್ತರ ಕೊಟ್ಟರು. ಐದು, ಆರನೆಯ ತರಗತಿಯ 132 ಮಕ್ಕಳಿಗೆ ಕೆಲಸ ಕೊಟ್ಟು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಅಂಕ ಮಾತ್ರ, ಇನ್ನೊಂದಕ್ಕೆ ಟಿಪ್ಪಣಿ ಮಾತ್ರ, ಮೂರನೆಯದಕ್ಕೆ ಎರಡೂ. ಟಿಪ್ಪಣಿ ಮಾತ್ರ ಪಡೆದವರ ಮುಂದಿನ ಕೆಲಸ ಸುಧಾರಿಸಿತು, ಆಸಕ್ತಿಯೂ ಉಳಿಯಿತು. ಅಂಕ ಮಾತ್ರ ಪಡೆದವರಲ್ಲಿ ಸುಧಾರಣೆ ಕಾಣಲಿಲ್ಲ. ಎರಡನ್ನೂ ಪಡೆದವರು ಹೆಚ್ಚು ಮುಂದೆ ಹೋಗಬಹುದೆಂದು ಯಾರಾದರೂ ಊಹಿಸಿಯಾರು. ಅವರ ಸ್ಥಿತಿ ಅಂಕ ಮಾತ್ರ ಪಡೆದವರದೇ ಆಯಿತು. ಹತ್ತಕ್ಕೆ ಆರು ಎಂದು ಕಂಡೊಡನೆ ಮಗು ಪಕ್ಕದವನ ನೋಟ್‌ಬುಕ್ಕಿಗೆ ಇಣುಕುತ್ತದೆ. ಕೆಳಗಿನ ಸಾಲಿನ ಕಡೆಗೆ ಕಣ್ಣು ಹಾಯುವುದೇ ಇಲ್ಲ. 1998ರಲ್ಲಿ ಲಂಡನ್ನಿನ ಪಾಲ್ ಬ್ಲ್ಯಾಕ್ ಮತ್ತು ಡಿಲನ್ ವಿಲಿಯಂ ನೂರಾರು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗಲೂ ಇದೇ ದಿಕ್ಕು ಕಂಡಿತು. ಎಲ್ಲಿ ನಿಂತಿದ್ದೇನೆ, ಮುಂದಿನ ಹೆಜ್ಜೆ ಯಾವುದು ಎಂದು ತಿಳಿಸುವ ಮಾತು ಮಗುವನ್ನು ಮುಂದೆ ನಡೆಸುತ್ತದೆ.

ಕನ್ನಡ ಓದುಗರಿಗೆ ಇದಕ್ಕೊಂದು ದೊಡ್ಡ ಸಾಕ್ಷಿ ಗೊತ್ತೇ ಇದೆ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಮುಂದೆ ಕುವೆಂಪು ಆದ ವಿದ್ಯಾರ್ಥಿ ಪುಟ್ಟಪ್ಪ ತಾನು ಬರೆದ ಇಂಗ್ಲಿಷ್ ಕವಿತೆಗಳನ್ನು ತೋರಿಸಿದ. ಕಸಿನ್ಸ್ ಓದಿ, ನಿನ್ನ ಭಾಷೆಯಲ್ಲಿ ಏನಾದರೂ ಬರೆದಿದ್ದೀಯಾ ಎಂದು ವಿಚಾರಿಸಿ, ತಾಯಿನುಡಿಯಲ್ಲಿ ಬರೆಯುವಂತೆ ಸಲಹೆ ಕೊಟ್ಟರು. ಆ ಕವಿತೆಗಳ ಛಂದಸ್ಸನ್ನೋ ವ್ಯಾಕರಣವನ್ನೋ ತಿದ್ದುತ್ತ ಕೂರಬಹುದಿತ್ತು. ಅವರ ಕಣ್ಣು ಕವಿತೆಯ ಹಿಂದಿದ್ದ ಹುಡುಗನ ಮೇಲೆ ಬಿತ್ತು, ಮುಂದಿನ ದಾರಿಯೊಂದನ್ನು ತೋರಿಸಿತು.

ಪುಣೆಯ ಪುಸ್ತಕ, ಗಡಿಯ ಮಗು

ಬಾಲಭಾರತಿ ಎಂಟು ಭಾಷೆಗಳಲ್ಲಿ ಪಠ್ಯಪುಸ್ತಕ ಹೊರತರುತ್ತದೆ. ಅದರಲ್ಲಿ ಕನ್ನಡವೂ ಒಂದು. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ಸಾಂಗ್ಲಿ ಜಿಲ್ಲೆಯ ಜತ್ತ ಮೊದಲಾದ ತಾಲ್ಲೂಕುಗಳ ಕನ್ನಡ ಶಾಲೆಗಳಿಗೆ ಪುಸ್ತಕ ಹೋಗುವುದು ಪುಣೆಯಿಂದಲೇ. ನಗರದೊಳಗೂ ಪುಣೆ ಕನ್ನಡ ಸಂಘ ಕನ್ನಡ ಮಾಧ್ಯಮದ ಶಾಲೆ ನಡೆಸುತ್ತ ಬಂದಿದೆ. ಇಂಥ ಶಾಲೆಗಳ ಮಗು ಮನೆಯಲ್ಲಿ ಒಂದು ಕನ್ನಡ ಆಡುತ್ತದೆ, ಪುಸ್ತಕದಲ್ಲಿ ಇನ್ನೊಂದು ಕನ್ನಡ ಓದುತ್ತದೆ, ಸಂತೆಯಲ್ಲೂ ಬಸ್ಸಿನಲ್ಲೂ ಮರಾಠಿ ಕೇಳುತ್ತದೆ. ಮೂರೂ ಅದರ ನೋಟ್‌ಬುಕ್ಕಿಗೆ ಬರುತ್ತವೆ.

ಉದಾಹರಣೆಗೆ ಹೀಗೊಂದು ಬರಹ ಇಟ್ಟುಕೊಳ್ಳೋಣ. 'ಮಳೆ ಬಂದ ದಿನ' ಎಂದು ವಿಷಯ ಕೊಟ್ಟಾಗ ಐದನೆಯ ತರಗತಿಯ ಮಗು ಬರೆಯುತ್ತದೆ: 'ದೀಪಾವಳಿ ಆದಮ್ಯಾಗ ಮಳಿ ಬಂತು. ಕಬ್ಬಿನ ಗಾಡಿ ತುಂಬಲಿಲ್ಲ. ಅಪ್ಪಗ ರೊಕ್ಕ ಸಿಗಲಿಲ್ಲ. ನಾ ಸಾಲಿಗಿ ಹೋಗಲಿಲ್ಲ.'

ಒಬ್ಬ ಪ್ರಶಿಕ್ಷಣಾರ್ಥಿ ಮ್ಯಾಗ, ಮಳಿ, ಅಪ್ಪಗ, ಸಾಲಿಗಿ ಇಷ್ಟಕ್ಕೂ ಕೆಂಪು ಸುತ್ತು ಹಾಕಿ ಐದೈದು ಸಲ ಬರೆದು ತಾ ಎನ್ನಬಹುದು. ಇನ್ನೊಬ್ಬರು ಕನಿಕರದಿಂದ 'ಉತ್ತಮ' ಎಂದು ಬರೆದು ಮುಚ್ಚಬಹುದು. ಎರಡರಲ್ಲೂ ಮಗು ಹೇಳಿದ್ದು ಯಾರಿಗೂ ತಲುಪಲಿಲ್ಲ. ನಾಲ್ಕು ಪುಟ್ಟ ವಾಕ್ಯಗಳಲ್ಲಿ ಕಬ್ಬು ಕಡಿಯುವ ಮನೆಯೊಂದರ ಇಡೀ ಆರ್ಥಿಕತೆ ಇದೆ. ಅಕಾಲದ ಮಳೆ ಬಂದರೆ ಗದ್ದೆಯೊಳಗೆ ಗಾಡಿ ಹೋಗುವುದಿಲ್ಲ, ಗಾಡಿ ತುಂಬದಿದ್ದರೆ ಕೂಲಿಯಿಲ್ಲ. ಕಾರಣ ಮತ್ತು ಪರಿಣಾಮವನ್ನು ಮಗು ಸಾಲಾಗಿ ಜೋಡಿಸಿದೆ. ಬರವಣಿಗೆಯಲ್ಲಿ ಕಲಿಸಲು ಕಷ್ಟವಾದದ್ದು ಇದು, ಮಗುವಿಗೆ ಆಗಲೇ ಒಲಿದಿದೆ. ಅದನ್ನು ಕಂಡ ಶಿಕ್ಷಕಿ ಕೆಳಗೆ ಹೀಗೆ ಬರೆದಾಳು: 'ಮಳೆಗೂ ರೊಕ್ಕಕ್ಕೂ ಇರುವ ನಂಟನ್ನು ನೀನು ಚೆನ್ನಾಗಿ ಹೇಳಿದ್ದೀ. ನನಗೆ ಗೊತ್ತಿರಲಿಲ್ಲ. ಮಳೆ ಬಂದರೆ ಗಾಡಿ ಯಾಕೆ ತುಂಬುವುದಿಲ್ಲ? ಅವತ್ತು ಮನೆಯಲ್ಲಿ ಏನು ಮಾಡಿದಿರಿ? ಇನ್ನಷ್ಟು ಬರಿ.' ಮುಂದಿನ ಸಲ ಮಗು ಅರ್ಧ ಪುಟ ಬರೆದೀತು. ಅರ್ಧ ಪುಟ ಬರೆದ ಮೇಲೆ 'ಮಳಿ', 'ಮಳೆ' ಎರಡನ್ನೂ ಪಕ್ಕಪಕ್ಕ ಇಟ್ಟು ಮನೆಯ ಮಾತು ಮತ್ತು ಪುಸ್ತಕದ ಮಾತಿನ ವ್ಯತ್ಯಾಸ ತೋರಿಸುವುದಕ್ಕೆ ಬೇಕಾದಷ್ಟು ಅವಕಾಶವಿದೆ.

ಇದು ಕರುಣೆಯ ಮಾತಷ್ಟೇ ಅಲ್ಲ, ಇದರ ಹಿಂದೆ ಗಟ್ಟಿಯಾದ ಅಧ್ಯಯನವಿದೆ. ನ್ಯೂಯಾರ್ಕ್‌ನ ಸಿಟಿ ವಿಶ್ವವಿದ್ಯಾಲಯ 1970ರಲ್ಲಿ ಎಲ್ಲರಿಗೂ ಬಾಗಿಲು ತೆರೆದಾಗ, ಮನೆತನದಲ್ಲೇ ಮೊದಲ ಬಾರಿ ಕಾಲೇಜಿಗೆ ಬಂದ ಬಡವರ, ಕರಿಯರ, ವಲಸಿಗರ ಮಕ್ಕಳು ಬರೆದದ್ದನ್ನು ಕಂಡು ಅಧ್ಯಾಪಕರು ದಿಗಿಲುಗೊಂಡಿದ್ದರು. ಇವರಿಗೆ ಏನೂ ಬರುವುದಿಲ್ಲ ಎಂಬ ತೀರ್ಪು ಸಿದ್ಧವಾಗಿತ್ತು. ಅಲ್ಲಿ ಕಲಿಸುತ್ತಿದ್ದ ಮೀನಾ ಶಾನೆಸಿ ಸುಮಾರು 4,000 ಪ್ರವೇಶ ಪ್ರಬಂಧಗಳನ್ನು ಕುಳಿತು ಓದಿದರು. ತಪ್ಪುಗಳಿಗೂ ಒಂದು ಕ್ರಮವಿದೆ, ಆ ಕ್ರಮದ ಹಿಂದೆ ವಿದ್ಯಾರ್ಥಿ ತನ್ನದೇ ತರ್ಕದಿಂದ ಕಟ್ಟಿಕೊಂಡ ನಿಯಮವಿದೆ ಎಂದು 1977ರ ತಮ್ಮ ಪುಸ್ತಕದಲ್ಲಿ ತೋರಿಸಿಕೊಟ್ಟರು. 'ಸಾಲಿಗಿ' ಎಂದು ಬರೆಯುವ ಮಗುವೂ ಹಾಗೆಯೇ. ಅದು ಮನಬಂದಂತೆ ಬರೆಯುತ್ತಿಲ್ಲ. ತನ್ನೂರಿನ ಕನ್ನಡದ ವ್ಯಾಕರಣವನ್ನು ಚಾಚೂತಪ್ಪದೆ ಪಾಲಿಸುತ್ತಿದೆ. 'ಮಳಿ' ಬರೆದ ಕೈಯೇ 'ಸಾಲಿ'ಯನ್ನೂ ಬರೆದಿರುವುದು ಅದಕ್ಕೆ ಸಾಕ್ಷಿ. ಆ ನಿಯಮವನ್ನು ಗುರುತಿಸಬಲ್ಲ ಶಿಕ್ಷಕರು ಇಂಥ ಪದಗಳಿಗೆಲ್ಲ ಬೇರೆ ಬೇರೆ ಸುತ್ತು ಹಾಕುವ ಬದಲು ಒಂದೇ ವಿವರಣೆ ಕೊಟ್ಟು ಮುಗಿಸಬಲ್ಲರು.

ಇಪ್ಪತ್ತು ವಾರದಲ್ಲಿ ಏನು ಮಾಡಬಹುದು

ಇಷ್ಟೆಲ್ಲ ಬರೆಯಲು ಹೊತ್ತೆಲ್ಲಿ ಎಂದು ಯಾವ ಶಿಕ್ಷಕರಾದರೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲೇ ಹಿರಿಯ ಪ್ರಾಥಮಿಕ ತರಗತಿಯಲ್ಲಿ ಒಬ್ಬ ಶಿಕ್ಷಕರಿಗೆ 35 ಮಕ್ಕಳು. ಒಂದು ಬರಹಕ್ಕೆ ಐದು ನಿಮಿಷ ಕೊಟ್ಟರೂ 175 ನಿಮಿಷ, ಹತ್ತಿರ ಹತ್ತಿರ ಮೂರು ಗಂಟೆ. ಅದೂ ಒಂದೇ ವಿಷಯದ ಒಂದೇ ಬರಹಕ್ಕೆ. ಎಲ್ಲ ನೋಟ್‌ಬುಕ್ಕುಗಳನ್ನೂ ಪ್ರತಿ ವಾರ ಮನಸ್ಸಿಟ್ಟು ಓದುವುದು ಆಗದ ಮಾತು.

ಆದರೆ ವಾರಕ್ಕೆ ಏಳು ನೋಟ್‌ಬುಕ್ ಓದಬಹುದು. ಉಳಿದ 28ರ ಮೇಲೆ ಕಣ್ಣಾಡಿಸಿ ಸಹಿ ಹಾಕಿ, ಏಳನ್ನು ಮಾತ್ರ ಬಿಡುವಾಗಿ ಓದಿ, ಮೂರು ನಾಲ್ಕು ಸಾಲು ಬರೆದರೆ ಐದು ವಾರಕ್ಕೊಮ್ಮೆ ಪ್ರತಿ ಮಗುವಿಗೂ ಸರದಿ ಬರುತ್ತದೆ. ಶಾಲಾವರ್ಷದಲ್ಲಿ ಆರೇಳು ಸಲ ತನ್ನ ಬರಹವನ್ನು ದೊಡ್ಡವರೊಬ್ಬರು ಪೂರ್ತಿ ಓದಿದರು ಎಂಬುದು ಮಗುವಿಗೆ ತಿಳಿಯುತ್ತದೆ. ಒಂದು ಸಲಕ್ಕೆ ಒಂದೇ ಬಗೆಯ ತಪ್ಪು ಎತ್ತಿಕೊಂಡರೆ ಸಾಕು. ಇಂದು ವಾಕ್ಯ ಮುಗಿಸುವುದು, ಮುಂದಿನ ಸಲ ಒತ್ತಕ್ಷರ. ಹಲವು ಮಕ್ಕಳಲ್ಲಿ ಒಂದೇ ತಪ್ಪು ಕಂಡರೆ ಅದನ್ನು ಪುಟಪುಟದಲ್ಲಿ ತಿದ್ದುವ ಬದಲು ಮಾರನೆಯ ದಿನ ಕಪ್ಪುಹಲಗೆಯ ಮೇಲೆ ಹತ್ತು ನಿಮಿಷ ವಿವರಿಸಬಹುದು.

ಈ ಅಭ್ಯಾಸಕ್ಕೆ ತಕ್ಕ ಜಾಗ ತರಬೇತಿಯೊಳಗೇ ಇದೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಎರಡು ವರ್ಷದ ಬಿ.ಇಡಿ.ಯಲ್ಲಿ ಶಾಲೆಯೊಳಗಿನ ಇಂಟರ್ನ್‌ಶಿಪ್‌ಗೆ ಒಟ್ಟು 20 ವಾರ ಇಟ್ಟಿದೆ. ಪಠ್ಯಗಳನ್ನು ಓದಿ ಚಿಂತಿಸುವುದಕ್ಕೆಂದೇ ಒಂದು ಕೋರ್ಸನ್ನೂ ಸೇರಿಸಿದೆ. ಅಲ್ಲಿ ಪ್ರಶಿಕ್ಷಣಾರ್ಥಿಗಳು ಲೇಖನ, ಕಥೆ, ವರದಿಗಳನ್ನು ಓದುತ್ತಾರೆ. ಐದನೆಯ ತರಗತಿಯ ಮಗುವಿನ ಪ್ರಬಂಧವನ್ನೂ ಅಷ್ಟೇ ಗೌರವದ ಪಠ್ಯವೆಂದು ಆ ಕೋರ್ಸಿಗೆ ತರಲು ಯಾವ ನಿಯಮವೂ ಅಡ್ಡಿಯಿಲ್ಲ. ಇಂಟರ್ನ್‌ಶಿಪ್ಪಿನಲ್ಲಿ ಪ್ರತಿಯೊಬ್ಬರೂ ಐದು ಮಕ್ಕಳನ್ನು ಆರಿಸಿಕೊಂಡು 20 ವಾರವೂ ಅವರ ಬರಹವನ್ನು ಹಿಂಬಾಲಿಸಲಿ. ತಾವು ಬರೆದ ಪ್ರತಿ ಟಿಪ್ಪಣಿಯ ಪ್ರತಿ ಇಟ್ಟುಕೊಳ್ಳಲಿ. ಟಿಪ್ಪಣಿ ಓದಿ ಮಗು ಮುಂದೆ ಏನು ಬದಲಿಸಿತು, ಏನನ್ನು ಬದಲಿಸಲಿಲ್ಲ ಎಂದು ಗುರುತು ಹಾಕಲಿ. ವಾರಕ್ಕೊಮ್ಮೆ ಕಾಲೇಜಿನಲ್ಲಿ ನಾಲ್ಕೈದು ಜನ ಸೇರಿ, ಮಗುವಿನ ಹೆಸರು ಮರೆಮಾಡಿ, ಒಂದೇ ಬರಹಕ್ಕೆ ತಾವು ತಾವು ಬರೆದ ಟಿಪ್ಪಣಿಗಳನ್ನು ಹೋಲಿಸಿ ನೋಡಲಿ. ಒಬ್ಬರಿಗೆ ಕಂಡ ತಪ್ಪು ಇನ್ನೊಬ್ಬರಿಗೆ ಸೊಗಸಾಗಿ ಕಂಡಿರುತ್ತದೆ. ಆ ಚರ್ಚೆಯಲ್ಲಿ ಕಲಿಯುವಷ್ಟು ಯಾವ ಉಪನ್ಯಾಸದಲ್ಲೂ ಕಲಿಯಲಾಗದು.

ಸರಾವ ಪಾಠ ನೋಡಲು ಬರುವ ಪ್ರಾಧ್ಯಾಪಕರು ಕಪ್ಪುಹಲಗೆಯ ಜೊತೆಗೆ ಆ ಐದು ಮಕ್ಕಳ ನೋಟ್‌ಬುಕ್ಕುಗಳನ್ನೂ ತೆರೆದು ನೋಡಿ, ಅಲ್ಲಿನ ಟಿಪ್ಪಣಿಗಳಿಗೂ ಇಂಟರ್ನ್‌ಶಿಪ್ಪಿನ ಮೌಲ್ಯಮಾಪನದಲ್ಲಿ ಪಾಲು ಕೊಡಬೇಕು. ಪರೀಕ್ಷೆಯ ಲೆಕ್ಕಕ್ಕೆ ಸೇರದ ಕೆಲಸ ನಮ್ಮ ಕಾಲೇಜುಗಳಲ್ಲಿ ಬಹುಕಾಲ ಬಾಳುವುದಿಲ್ಲ. ಅಕ್ಕಲಕೋಟೆ, ಜತ್ತಗಳ ಕನ್ನಡ ಶಾಲೆಗಳಿಗೆ ಹೋಗಲಿರುವ ಪ್ರಶಿಕ್ಷಣಾರ್ಥಿಗಳಿಗೆ ಅಲ್ಲಿನ ಮಕ್ಕಳು ನಿಜಕ್ಕೂ ಬರೆದ ಪುಟಗಳ ಒಂದು ಸಂಗ್ರಹ ತರಬೇತಿಯ ಮೊದಲ ತಿಂಗಳಲ್ಲೇ ಕೈಗೆ ಸಿಗುವಂತಾಗಬೇಕು. ಪುಸ್ತಕವನ್ನು ಪುಣೆಯಿಂದ ಗಡಿಗೆ ಕಳಿಸುವ ವ್ಯವಸ್ಥೆ ದಶಕಗಳಿಂದ ನಡೆದಿದೆ. ಗಡಿಯ ಮಕ್ಕಳ ಬರಹ ಪುಣೆಯ ತರಬೇತಿ ಕೋಣೆಗಳಿಗೆ ಬರುವ ವ್ಯವಸ್ಥೆಯನ್ನು ರಾಜ್ಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಈ ಶೈಕ್ಷಣಿಕ ವರ್ಷದಲ್ಲೇ ಶುರುಮಾಡಬಹುದು. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ದೊಡ್ಡ ಹಣವೂ ಬೇಕಿಲ್ಲ.